ಉಪ್ಪಿನ ತೀರ್ಪು

ಸಮಸ್ತ ಸೌಟುಗಳ ಒಡತಿ, ಒಗ್ಗರಣೆ ಸಾಮ್ರಾಜ್ಯದ ಚಕ್ರವರ್ತಿನಿ ಅಜ್ಜಿಯವರ ಪಾದಗಳಿಗೆ ಮೊಮ್ಮಗನು ಮಾಡುವ ದೀರ್ಘದಂಡ ನಮಸ್ಕಾರ.

ನಿನ್ನೆ ಈ ಊರಿನ ಬಾಣಸಿಗನೊಬ್ಬ ತನ್ನ ಮನೆಯಲ್ಲೇ ನಡೆಸುವ ಹೋಟೆಲಿನಲ್ಲಿ ಉಂಡೆ. ಮೇಜಿನ ಪಕ್ಕದಲ್ಲೇ ಮನೆಯವರ ಬಟ್ಟೆ ಒಣಗುತ್ತಿತ್ತು. ಅವನ ತಾಯಿ ರುಚಿ ನೋಡದೆ ಯಾವ ಪಾತ್ರೆಯೂ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಸೂಪನ್ನು ತಡೆದೇಬಿಟ್ಟರು.

“ಉಪ್ಪು ಸಾಲದು ಕಣೋ.”

“ಹದವಾಗಿದೆ ಅಮ್ಮ. ಜನ ಕಾಯ್ತಿದ್ದಾರೆ, ಮರ್ಯಾದೆ ತೆಗೀಬೇಡ.”

“ಹೋಟೆಲು ನಿಂದು, ಮನೆ ನಂದು,” ಎಂದು ಆಕೆ ಸೌಟನ್ನು ನನ್ನತ್ತ ಚಾಚಿದರು. “ನೀನೇ ಹೇಳಪ್ಪ.”

ನಾನು ಕಣ್ಣು ಮುಚ್ಚಿ ಸವಿದು, ನ್ಯಾಯಾಧೀಶರ ಗತ್ತಿನಲ್ಲಿ “ಅಮ್ಮ ಹೇಳಿದ್ದೇ ಸರಿ” ಎಂದೆ. ಬಾಣಸಿಗ ಪಾತ್ರೆಯನ್ನು ಮತ್ತೆ ಒಲೆಗೇರಿಸಿದ.

ನೆಗಡಿ ಇಳಿಯುತ್ತಿದೆ, ಚಿಂತೆ ಬೇಡ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು, ನಿಜ ಹೇಳಿಬಿಡುತ್ತೇನೆ: ಆ ನೆಗಡಿಯಿಂದ ನನ್ನ ನಾಲಿಗೆಗೆ ಉಪ್ಪು, ಹುಳಿ ಯಾವುದೂ ತಿಳಿಯುತ್ತಿರಲಿಲ್ಲ. ಆಕೆ ಥೇಟ್ ನಿನ್ನ ಹಾಗೇ ಗದರುತ್ತಿದ್ದರು, ಅದಕ್ಕೇ.