ಯಾರ ಮೇಲೂ ದೂರು ಇರುವುದಿಲ್ಲ

ಜೂನ್ 3, 2025, ಮಂಗಳವಾರ. ಸಂಜೆ 7

ಶಿಫ್ಟ್ ಮುಗಿಸಿ ಬಂದು ಅಪ್ಪನ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟೆ. ಇವತ್ತು ಅರ್ಧದವರೆಗೆ ಮಡಿಸಿದರು. ಅದಕ್ಕಿಂತ ಬಗ್ಗುವುದಿಲ್ಲ. ಹದಿನಾರು ತಿಂಗಳಾಯಿತು. ಮಗ್ಗದ ಮುಂದೆ ಹತ್ತು ಗಂಟೆ ನಿಲ್ಲುತ್ತಿದ್ದ ಮನುಷ್ಯ ಈಗ ಹತ್ತು ನಿಮಿಷ ನಿಂತರೆ ಗೋಡೆ ಹುಡುಕುತ್ತಾರೆ.

ಉಳಿದಿದ್ದ ಕರಪತ್ರಗಳನ್ನು ನಮ್ಮ ಬೀದಿಯಲ್ಲಿ ಹಂಚಿದೆ. ಕಾನೂನು ಸೇವಾ ಸಮಿತಿಯವು. ಅಪಘಾತವಾದರೆ ತಡಮಾಡದೆ ದೂರು ಕೊಡಿ. ಆಸ್ಪತ್ರೆಯಲ್ಲಿ ನಡೆದದ್ದನ್ನೇ ಹೇಳಿ. ಗಾಡಿಗೆ ವಿಮೆ ಇದ್ದರೆ ಪರಿಹಾರ ಕೊಡುವುದು ಕಂಪನಿ. ಆರು ತಿಂಗಳೊಳಗೆ ಅರ್ಜಿ ಹಾಕಿ... ನನಗೆ ಬಾಯಿಪಾಠ.

ಎದುರುಮನೆಯ ಮುನಿತಾಯಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. "ಬಂದ್ಲು ನೋಡ್ರಮ್ಮ ಲಾಯರಮ್ಮ! ಕೊಡು ಕೊಡು, ಒಲೆ ಹಚ್ಚಕ್ಕಾಯ್ತದೆ."

"ಓದ್ಬಿಟ್ಟು ಹಚ್ಚಿ" ಅಂದೆ.

ಊಟಕ್ಕೆ ಕೂತ ಅಪ್ಪನಿಂದ ಮತ್ತೆ ಅದೇ ಆಸ್ಪತ್ರೆ ಚೀಟಿಯ ಮಾತು. "ನಾನು ಗ್ಯಾನ ಇಲ್ದಂಗ್ ಬಿದ್ದಿದ್ದೀನಿ. ತಾನೇ ಬಿದ್ದ ಅಂತ ಆ ನರ್ಸಮ್ಮ ಯಾರ್ನ ಕೇಳ್ ಬರ್ಕಂಡ್ಳು? ಅವ್ಳ್ ಕೈ ಸೇದೋಗ."

ಸಾರು ಬಡಿಸಿದೆ.

ಜೂನ್ 4, ಬೆಳಿಗ್ಗೆ 5.40

ಫ್ಯಾಕ್ಟರಿ ಬಸ್ಸಿಗೆ ಇನ್ನೂ ಸಮಯವಿದೆ. ಇಲ್ಲಿಯಾದರೂ ಬರೆದಿಡಬೇಕು.

ನರ್ಸಮ್ಮ ಬರೆದದ್ದಲ್ಲ. ನಾನು ಬರೆದದ್ದು.

ಹೋದ ವರ್ಷ ಫೆಬ್ರವರಿ 13. ಅಪ್ಪ ಮಗ್ಗದಿಂದ ಮೊಪೆಡ್‌ನಲ್ಲಿ ಬರುತ್ತಿದ್ದರು. ತೂಬಗೆರೆ ರಸ್ತೆಯ ತಿರುವಿನಲ್ಲಿ ಹಿಂದಿನಿಂದ ಕಾರು ಗುದ್ದಿತು. ಮೇಲಿನ ಬೀದಿಯ ಅಪ್ಪಯ್ಯಣ್ಣನವರ ಕಾರು. ಓಡಿಸುತ್ತಿದ್ದವಳು ಅವರ ಮಗಳು ರಮ್ಯ — ನನ್ನ ರಮ್ಯ. ಬಿಟ್ಟು ಓಡಲಿಲ್ಲ. ಅದೇ ಕಾರಿನಲ್ಲಿ ಅಪ್ಪನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದಳು, ನನಗೆ ಫೋನ್ ಮಾಡಿದಳು. ನಾನು ಓಡಿಹೋದಾಗ ಅವಳ ಚೂಡಿದಾರದ ತುಂಬ ಅಪ್ಪನ ರಕ್ತ.

ಅವತ್ತಿಗೆ ಇನ್ನು ಒಂಬತ್ತು ದಿನಕ್ಕೆ ಅವಳ ನಿಶ್ಚಿತಾರ್ಥವಿತ್ತು. ಪೊಲೀಸ್ ಕೇಸಿನಲ್ಲಿ ಹುಡುಗಿಯ ಹೆಸರು ಬಂದರೆ ಗಂಡಿನ ಕಡೆಯವರು ಎದ್ದುಹೋಗುತ್ತಾರೆ ಎಂದು ಅಳುತ್ತಿದ್ದಳು. ಅಪ್ಪಯ್ಯಣ್ಣನವರು ಕೈ ಮುಗಿದರು. ನನಗೆ. "ಆಸ್ಪತ್ರೆದೆಲ್ಲ ನಾನ್ ನೋಡ್ಕಂತೀನಿ ಕಣಮ್ಮ. ಪೊಲೀಸ್ನೋರು ಮಾತ್ರ ಬ್ಯಾಡ."

ಪೊಲೀಸರಿಗೆ ತಿಳಿಸುವುದು ಬೇಡವೆಂದರೆ ಬರೆದುಕೊಡಬೇಕು ಎಂದರು ನರ್ಸ್. ಹಾಳೆ ಕೊಡುವಾಗ ಎರಡು ಸಲ ಹೇಳಿದರು: "ಯೋಚ್ನೆ ಮಾಡಿ ಬರಿಯಮ್ಮ. ಆಮೇಲೆ ಬದಲಾಯ್ಸಕ್ಕಾಗಲ್ಲ."

ಬರೆದೆ. "ನಮ್ಮ ತಂದೆ ಕೊಂಡಪ್ಪನವರು ಮೊಪೆಡ್‌ನಿಂದ ತಾವೇ ಜಾರಿ ಬಿದ್ದಿರುತ್ತಾರೆ. ಯಾವ ವಾಹನವೂ ಡಿಕ್ಕಿ ಹೊಡೆದಿರುವುದಿಲ್ಲ. ಯಾರ ಮೇಲೂ ದೂರು ಇರುವುದಿಲ್ಲ." ಕೆಳಗೆ ನನ್ನ ಹೆಸರು, ಮೋನಿಷಾ ಕೆ.

ಕಾರಿಗೆ ವಿಮೆ ಇತ್ತು. ರಮ್ಯಳಿಗೆ ಲೈಸೆನ್ಸ್ ಇತ್ತು. ಕರಪತ್ರ ನನ್ನ ಬ್ಯಾಗಿನಲ್ಲಿತ್ತು.

ಹಾಗಾದರೆ ಯಾಕೆ? ನಮ್ಮ ಬೀದಿಯಿಂದ ಅವರ ನಡುಮನೆ ದಾಟಿ ಒಳಗೆ ಹೋದವಳು ನಾನೊಬ್ಬಳೇ. ಅವರ ಅಡುಗೆಮನೆಯಲ್ಲಿ ಕೂತು ರಮ್ಯಳ ತಟ್ಟೆಯಲ್ಲೇ ಉಂಡಿದ್ದೇನೆ. ಸಮಾನತೆ ಪುಸ್ತಕದಲ್ಲಿಲ್ಲ, ಇಲ್ಲಿದೆ, ನಾನು ಗೆದ್ದೆ ಅಂದುಕೊಂಡಿದ್ದೆ. ಆ ತಟ್ಟೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದಕ್ಕೆ ಅಪ್ಪನ ಕಾಲು ಕೊಟ್ಟೆ.

ರಮ್ಯಳ ಮದುವೆ ಆಯಿತು. ಅಪ್ಪನ ಮೂಳೆ ಕೂಡಲಿಲ್ಲ. ಎರಡನೇ ಆಪರೇಷನ್ ಅಂದ ದಿನದಿಂದ ಅಪ್ಪಯ್ಯಣ್ಣನವರು ಫೋನ್ ಎತ್ತಲಿಲ್ಲ. ಗುದ್ದಿದ ಕಾರು ಯಾರದೆಂದು ಆಗ ಅಪ್ಪನಿಗೆ ಹೇಳಿದೆ. ಎಪ್ಪತ್ತೊಂದನೇ ದಿನ ದೂರು ಕೊಟ್ಟೆವು. ಅಷ್ಟರಲ್ಲಿ ಕಾರಿನ ನೆಗ್ಗು ತೆಗೆಸಿ ಬಣ್ಣ ಹೊಡೆಸಿದ್ದರು. ಪರಿಹಾರದ ಅರ್ಜಿ ಇನ್ನೂ ಕೋರ್ಟಿನಲ್ಲಿದೆ.

ಪತ್ರದ ವಿಷಯ ಹೇಳಲಿಲ್ಲ. ಹೇಳಲು ದಿನಾ ಹೊರಡುತ್ತೇನೆ...

ಜೂನ್ 16, ಸೋಮವಾರ

ನಮ್ಮ ವಕೀಲರು ವೆಂಕಟರಮಣಪ್ಪನವರು ಫೋನ್ ಮಾಡಿ ಕರೆಸಿದರು. ಅಪ್ಪನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಆಸ್ಪತ್ರೆಯ ಫೈಲ್ ಕೋರ್ಟಿಗೆ ಬಂದಿದೆಯಂತೆ. ಝೆರಾಕ್ಸ್ ಮೇಜಿನ ಮೇಲಿತ್ತು.

"ಇದು ನಿನ್ನ ಅಕ್ಷರಾನಾ?"

"ಹೌದು ಸರ್."

ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. "ಊರಿಗೆಲ್ಲ ಕಾನೂನು ಹೇಳ್ತೀಯಲ್ಲಮ್ಮ."

ವಿಮಾ ಕಂಪನಿಯ ವಕೀಲರು ಪತ್ರ ಬರೆದವಳನ್ನೇ ಸಾಕ್ಷಿಗೆ ಕರೆಸಿದ್ದಾರೆ. ಜುಲೈ 18. ಅಪಘಾತವೇ ಆಗಿಲ್ಲ, ಆಮೇಲೆ ಕಟ್ಟಿದ ಕಥೆ ಎನ್ನುವುದು ಅವರ ವಾದ.

"ಒಂದ್ ದಾರಿ ಇದೆ" ಅಂದರು. "ಹಿಂಗೆ ಬರ್ಕೊಡದಿದ್ರೆ ಅಡ್ಮಿಟ್ ಮಾಡ್ಕೊಳ್ಳಲ್ಲ ಅಂದ್ರು, ನರ್ಸ್ ಹೇಳ್ದಂಗೆ ಬರ್ದೆ, ಗಾಬರೀಲಿದ್ದೆ ಅನ್ನು. ನಡೆಯೋ ಮಾತೇ ಅದು, ನಂಬ್ತಾರೆ."

"ಅವರು ಯೋಚ್ನೆ ಮಾಡಿ ಬರಿ ಅಂದಿದ್ರು ಸರ್."

"ಅವ್ರಿಗೇನೂ ಆಗಲ್ಲ. ನಿಮ್ಮಪ್ಪಂಗೆ ಆಗಿದೆ."

"ನಿಜ ಹೇಳಿದ್ರೆ?"

"ಅವತ್ತು ಸುಳ್ಳು ಬರೆದೋಳನ್ನ ಇವತ್ತು ಯಾಕೆ ನಂಬ್ಬೇಕು ಅಂತಾರೆ. ಆ ಹುಡುಗಿ ಬಂದು ನಾನೇ ಗುದ್ದಿದ್ದು ಅಂದ್ರೆ ಬೇರೆ ಮಾತು." ಬಾಗಿಲಿನ ಕಡೆ ನೋಡಿ, "ನಿಮ್ಮಪ್ಪಂಗೆ ಗೊತ್ತಾ?"

ಇಲ್ಲ ಎಂದು ತಲೆಯಾಡಿಸಿದೆ.

ಹೊರಗೆ ಅಪ್ಪ ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದರು. "ಏನಂತೆ ಮಗ?"

"ತಾರೀಖು ಕೊಟ್ಟಿದಾರೆ ಅಪ್ಪ."

ಜೂನ್ 22, ಭಾನುವಾರ

ಹೊಸಕೋಟೆಗೆ ಹೋಗಿದ್ದೆ. ರಮ್ಯಳ ಗಂಡನ ಮನೆ. ಬಾಗಿಲು ತೆಗೆದ ಅವಳ ಅತ್ತೆಗೆ ಕಾಲೇಜಿನ ಸ್ನೇಹಿತೆ ಅಂದೆ. ರಮ್ಯ ಒಂದು ಕ್ಷಣ ನಿಂತಳು. ಆಮೇಲೆ ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು, "ಬಾ, ಮೇಲೆ ಹೋಗೋಣ." ಮಹಡಿಯ ಮೇಲೆ ಬಟ್ಟೆ ಹರವುತ್ತಲೇ ಮಾತಾಡಿದಳು. ನಾನೂ ಒಂದು ತುದಿ ಹಿಡಿದೆ.

"ಕೋರ್ಟಲ್ಲಿ ನಿಜ ಹೇಳಿದ್ರೆ ಸಾಕು ಕಣೇ ರಮ್ಯ. ದುಡ್ಡು ಕೊಡೋದು ಇನ್ಶೂರೆನ್ಸ್‌ನೋರು. ನಿಮ್ಮಪ್ಪಂಗೆ ಏನೂ ತೊಂದ್ರೆ ಬರಲ್ಲ."

"ಅದನ್ನ ಅವತ್ತೇ ಯಾಕ್ ಹೇಳ್ಲಿಲ್ಲ?"

ಕೈಯಲ್ಲಿದ್ದ ತುದಿಯನ್ನು ತಂತಿಗೆ ಹಾಕಿದೆ.

"ನಂಗೊತ್ತಿರ್ಲಿಲ್ಲ ಮೋನಿ. ನಮ್ಮಪ್ಪಂಗೂ ಗೊತ್ತಿರ್ಲಿಲ್ಲ. ಪೊಲೀಸ್ ಅಂದ್ರೆ ಮನೆ ಹರಾಜು ಅನ್ಕೊಂಡಿದ್ವಿ. ನಿಂಗ್ ಗೊತ್ತಿತ್ತು. ಓದ್ಕೊಂಡೋಳು ನೀನು."

ಕ್ಲಿಪ್ ಸಿಕ್ಕಿಸಿದಳು. "ಕೈ ಹಿಡ್ಕೊಂಡು ಮಾತು ಕೊಟ್ಟೆ. ಮದ್ವೆ ಆಗಿ ಒಂದೂವರೆ ತಿಂಗಳಿಗೆ ಇದೇ ಬಾಗ್ಲಿಗೆ ಪೊಲೀಸ್ ಬಂದ್ರು. ಇವ್ರು ಆರು ತಿಂಗಳು ನನ್ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಆ ಕೇಸಲ್ಲಿ ನಾನು ಗುದ್ದಿಲ್ಲ ಅಂದಿದೀನಿ. ಈಗ ಬಂದು ಗುದ್ದಿದೆ ಅಂದ್ರೆ ನನ್ನ ಒಳಗೆ ಹಾಕ್ತಾರೆ."

"ನಮ್ಮಪ್ಪನ ಕಾಲು..."

"ಎತ್ಕೊಂಡ್ ಹೋದೋಳು ನಾನಲ್ವೇನೇ?" ಕಣ್ಣು ತುಂಬಿತ್ತು. "ಬಿಟ್ಟು ಹೋಗಿದ್ರೆ ಯಾರ್ ಕೇಳ್ತಿದ್ರು?"

ಕೆಳಗಿನಿಂದ ಅವಳ ಅತ್ತೆ ಕಾಫಿಗೆ ಕರೆದರು. "ಅವ್ಳು ಹೊರಟ್ಳು ಅತ್ತೆ" ಅಂದಳು ರಮ್ಯ.

ಹೊರಟೆ. ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕೂತೆ. ಸರಿಯಾದ ಬಸ್ಸು ಎರಡು ಸಲ ಬಂದು ಹೋಯಿತು.

ಜುಲೈ 6, ಭಾನುವಾರ

ಕರಪತ್ರ ಹಂಚುವುದು ನಿಲ್ಲಿಸಿದ್ದೇನೆ. ಕಟ್ಟು ಮಂಚದ ಕೆಳಗಿದೆ. ಮಾತಾಡಲು ಯಾರೂ ಇಲ್ಲ ಅನ್ನುವುದು ಹೊಸದಲ್ಲ. ಫ್ಯಾಕ್ಟರಿಯಲ್ಲಿ ನಾನು ಭಾಷಣ ಮಾಡುವವಳು; ಊಟದ ಡಬ್ಬಿ ಬಿಚ್ಚುವಾಗ ಯಾರೂ ಪಕ್ಕಕ್ಕೆ ಬರುವುದಿಲ್ಲ. ಆದರೆ ಮೊದಲೆಲ್ಲ ನಾನು ಸರಿ, ಅದಕ್ಕೇ ಒಂಟಿ ಅನ್ನುವ ಧೈರ್ಯ ಇತ್ತು.

ಅಪ್ಪ ಇವತ್ತು ಖುಷಿಯಲ್ಲಿದ್ದರು. "ನೀನು ಕಟಕಟೇಲಿ ನಿಂತ್ಕಂಡು ಆ ನರ್ಸಮ್ಮನ ಬಂಡವಾಳ ಬಿಚ್ಚಾಕು. ನನ್ ಮಗ್ಳು ಬಿಡ್ತಾಳಾ!"

ಈಗಲೇ ಹೇಳಬೇಕಿತ್ತು. ಮಡಿಕೆ ಇಳಿಸುವ ನೆಪದಲ್ಲಿ ಎದ್ದುಹೋದೆ.

ಜುಲೈ 18, ಶುಕ್ರವಾರ. ಬೆಳಿಗ್ಗೆ 6

ಅಪ್ಪನಿಗೆ ಸ್ನಾನ ಮಾಡಿಸಿ ಬಿಳಿ ಅಂಗಿ ಹಾಕಿದೆ. ಇನ್ನೂ ತೀರ್ಮಾನಿಸಿಲ್ಲ. ಸುಳ್ಳು ಹೇಳಿದರೆ ಅಪ್ಪನಿಗೆ ಪರಿಹಾರವೂ ಉಳಿಯಬಹುದು, ಮಗಳೂ ಉಳಿಯುತ್ತಾಳೆ. ಹೋಗುವುದು ಹೆಸರು ಗೊತ್ತಿಲ್ಲದ ಒಬ್ಬ ಹೆಂಗಸಿನ ಮಾನ. ಅಷ್ಟೇ. ಅಷ್ಟೇನಾ?

ಅದೇ ದಿನ, ಸಂಜೆ 5.30

ಹೇಳಿಬಿಟ್ಟೆ.

ವಿಮಾ ಕಂಪನಿಯ ವಕೀಲರು ಹಾಳೆ ತೋರಿಸಿದರು. ಅಕ್ಷರ ನನ್ನದು, ಸಹಿ ನನ್ನದು — ಒಪ್ಪಿದೆ. "ಯಾರಾದ್ರೂ ಬಲವಂತವಾಗಿ ಬರೆಸಿದ್ರಾ?" ಎಂದರು. ವೆಂಕಟರಮಣಪ್ಪನವರು ತಲೆಯೆತ್ತಿ ನನ್ನನ್ನೇ ನೋಡಿದರು. ಅಪ್ಪ ಹಿಂದಿನ ಬೆಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು.

"ಇಲ್ಲ. ನರ್ಸ್ ಎಚ್ಚರಿಸಿದ್ರು. ನಾನೇ ಬರೆದೆ. ಅದರಲ್ಲಿರೋದು ಸುಳ್ಳು. ಕಾರು ಗುದ್ದಿದ್ದು ನಿಜ. ಓಡಿಸಿದವಳು ನನ್ನ ಸ್ನೇಹಿತೆ, ಅವಳೇ ನನಗೆ ಹೇಳಿದಳು. ಅವಳನ್ನ ಉಳಿಸೋಕೆ ಬರೆದೆ."

ನ್ಯಾಯಾಧೀಶರು ಟೈಪಿಸ್ಟ್ ಕಡೆ ತಿರುಗಿ ಒಂದೊಂದೇ ವಾಕ್ಯ ಬರೆಸಿದರು. ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ನಿಧಾನವಾಗಿ, ಎಲ್ಲರಿಗೂ ಕೇಳುವಂತೆ. ಅಪ್ಪನಿಗೂ.

ಹೊರಗೆ ವಕೀಲರು, "ಇನ್ನು ಜಡ್ಜಿಗೆ ಬಿಟ್ಟಿದ್ದು. ವಾದ ಆಗಸ್ಟ್ ಎಂಟಕ್ಕೆ" ಎಂದಷ್ಟೇ ಹೇಳಿ ಹೋದರು. ಬೈಯಲಿಲ್ಲ. ಅಪ್ಪನೂ ಬೈಯಲಿಲ್ಲ. ಹಿಡಿದುಕೊಳ್ಳಲೆಂದು ಕೈ ಚಾಚಿದೆ. ಗೋಡೆ ಹಿಡಿದುಕೊಂಡು ನಡೆದರು.

ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಕೂತರು. "ಒಂದ್ ತೂಬಗೆರೆ."

"ಇವ್ರು ನಿಮ್ ಜೊತೆನಾ ಯಜಮಾನ್ರೇ?" ಕಂಡಕ್ಟರ್ ನನ್ನತ್ತ ಕೈ ತೋರಿಸಿದರು.

"ಅವ್ಳುದ್ನ ಅವ್ಳ್ ತಗಂತಾಳೆ."

ಆಧಾರ್ ತೋರಿಸಿ ನನ್ನ ಸೊನ್ನೆ ಟಿಕೆಟ್ ತೆಗೆದುಕೊಂಡೆ. ಇಳಿಯುವ ತನಕ ಅವರ ಕುತ್ತಿಗೆಯ ಹಿಂಭಾಗ ನೋಡುತ್ತ ಬಂದೆ. ಬಿಳಿ ಅಂಗಿಯ ಕಾಲರ್ ಬೆವರಿನಲ್ಲಿ ನೆನೆದಿತ್ತು.

ಸಂಜೆ 6.45

ಕಾಫಿ ಇಟ್ಟೆ. ಮುಟ್ಟಲಿಲ್ಲ. ಅನ್ನ ಬೇಡ ಅಂದರು — ನನಗಲ್ಲ, ಗೋಡೆಗೆ.

ಶಾಖಕ್ಕೆ ನೀರು ಕಾಯಿಸಿದೆ. ಬಟ್ಟೆ ಅದ್ದಿ ಹತ್ತಿರ ಹೋದೆ. ಲುಂಗಿಯನ್ನು ಮಂಡಿಯ ಮೇಲೆ ಎಳೆದುಕೊಂಡರು.

"ಅಪ್ಪಾ."

ಕಿಟಕಿಯ ಕಡೆ ತಿರುಗಿ ಪಕ್ಕದ ಮನೆಯವನನ್ನು ಕೂಗಿದರು. "ಆವಲಪ್ಪಾ... ಲೋ ಆವಲಪ್ಪ, ಒಸಿ ಬಂದೋಗು. ಕಾಲ್ ಹಿಡ್ಕಂಬಿಟ್ಟೈತೆ."

"ಮೋನಿ ಇಲ್ವಾ ಮನೇಲಿ?" ಆವಲಪ್ಪ ಅಲ್ಲಿಂದಲೇ ಕೇಳಿದ.

ನಾನು ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಪ್ಪ ನನ್ನನ್ನು ನೋಡಿದರು — ಕೋರ್ಟಿನಿಂದ ಹೊರಟ ಮೇಲೆ ಮೊದಲ ಸಲ. ಆಮೇಲೆ ಕಿಟಕಿಗೆ ಹೇಳಿದರು,

"ಯಾರೂ ಇಲ್ಲ ಕಣ್ಲಾ. ನೀನೇ ಬಾ."