ಎರಡು ಬೋರ್ಡುಗಳಲ್ಲಿ ದಯವಿಟ್ಟು ಒಂದನ್ನು ಕಿತ್ತುಹಾಕಿ

ಕಡಲ ದಂಡೆಯ ಏರುರಸ್ತೆಗೆ ಹೊಣೆಗಾರರಾದ ಮಾನ್ಯ ಮುಖ್ಯ ಎಂಜಿನಿಯರ್ ಅವರೇ,

ತಮ್ಮ ರಸ್ತೆಯ ಅತಿ ಕಿರಿದಾದ ತಿರುವಿಗೆ ಆಚೆಗೊಂದು, ಈಚೆಗೊಂದು ಬೋರ್ಡು ಇದೆ. ‘ಎದುರಿನಿಂದ ಬರುವ ವಾಹನಕ್ಕೆ ಮೊದಲು ದಾರಿ ಬಿಡಿ’ ಎಂದು ಬರೆದಿದೆ. ಎರಡರಲ್ಲೂ, ಸ್ವಾಮಿ. ತಾವು ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳಿ, ಕಾಯುತ್ತೇನೆ. ಕಾಯುವುದನ್ನು ತಮ್ಮ ರಸ್ತೆ ನನಗೆ ಚೆನ್ನಾಗಿ ಕಲಿಸಿದೆ.

ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ‘ಪಕ್ಕದಲ್ಲಿ ಕೂತವರ ಮಾತು ಕೇಳಬೇಡಿ, ಬೋರ್ಡಿನ ಮಾತು ಕೇಳಿ’ ಎಂದು ಕಲಿಸಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಈ ರಜೆಯಲ್ಲಿ ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಸಮುದ್ರ ನೋಡಲು ಹೊರಟೆ. ಅತ್ತೆ ಈವರೆಗೆ ಸಮುದ್ರ ನೋಡಿರಲಿಲ್ಲ. ದಾರಿಯುದ್ದಕ್ಕೂ ಅವರಿಬ್ಬರು ನೋಡಿದರು. ನಾನು ರಸ್ತೆಯ ಅಂಚು ನೋಡಿದೆ. ಸಮುದ್ರದ ಬಣ್ಣ ಯಾವುದೆಂದು ಕೇಳಿದರೆ ಹೇಳಲಾರೆ, ತಮ್ಮ ತಡೆಗೋಡೆ ಎಲ್ಲೆಲ್ಲಿ ಇಲ್ಲ ಎಂದು ಕೇಳಿದರೆ ಕಣ್ಣುಮುಚ್ಚಿ ಹೇಳಬಲ್ಲೆ.

ತಿರುವಿನ ಬಳಿ ಬೋರ್ಡು ಕಂಡು ನಿಲ್ಲಿಸಿದೆ. ತಿರುವನ್ನು ಮರೆಮಾಡಿದ ಬಂಡೆಯ ಆಚೆ ಯಾರೋ ಹಾರ್ನ್ ಹೊಡೆದರು. ಅವರು ಬರಲೆಂದು ಕಾದೆ, ಬರಲಿಲ್ಲ. ನಾನು ಹಾರ್ನ್ ಹೊಡೆದೆ. ಅವರೂ ಕಾದರೆಂದು ಕಾಣುತ್ತದೆ. ‘ಬೋರ್ಡ್ ಬಿಡಿ, ರಸ್ತೆ ನೋಡಿ’ ಎಂದಳು ಹೆಂಡತಿ. ಪಕ್ಕದಲ್ಲಿ ಕೂತವರ ಮಾತನ್ನು ನಾನು ಕೇಳುವುದಿಲ್ಲವಷ್ಟೆ. ಕೊನೆಗೆ ನನ್ನ ತಾಳ್ಮೆಯೂ ಅವರ ತಾಳ್ಮೆಯೂ ಒಂದೇ ಗಳಿಗೆಯಲ್ಲಿ ಮುಗಿದು, ಇಬ್ಬರೂ ಹೊರಟು, ತಿರುವಿನ ನಟ್ಟನಡುವೆ ಮುಖಾಮುಖಿಯಾದೆವು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ದರಿ ಹೇಗೂ ಇತ್ತು. ಪುಲಿಯ ಜಾಗದಲ್ಲಿ ಮೀನಿನ ವ್ಯಾನು.

ವ್ಯಾನಿನವನು ಇಳಿದು ಬಂದು, ‘ನೀವೇ ಮೊದ್ಲು ಹೋಗ್ಬೇಕು ಸಾರ್, ಎದುರಿಂದ ಬಂದೋರು ನೀವು’ ಎಂದ.

‘ಇಲ್ಲಪ್ಪ, ನನ್ನ ಎದುರಿಂದ ಬಂದೋನು ನೀನು’ ಎಂದೆ.

‘ಅದೂ ನಿಜಾನೇ’ ಎಂದ ಪುಣ್ಯಾತ್ಮ. ‘ಆದ್ರೆ ಬೋರ್ಡ್ ಮೀರಿದ್ರೆ ದಂಡ ಹಾಕ್ತಾರೆ ಸಾರ್. ಪೊಲೀಸ್ರು ಬಂಡೆ ಹಿಂದೇನೇ ನಿಂತಿರ್ತಾರೆ.’

ಬಂಡೆಯ ಹಿಂದೆ ನಿಲ್ಲಲು ಜನರಿದ್ದಾರೆ, ಮುಂದೆ ನಿಂತು ದಾರಿ ತೋರಿಸಲು ಇಲ್ಲ. ಇರಲಿ. ಅವನ ಹಿಂದೆ ಆಗಲೇ ಬಸ್ಸೊಂದು ಬಂದು ನಿಂತಿತ್ತು. ಹಿಂದಕ್ಕೆ ಹೋಗಬೇಕಾದವನು ನಾನೇ, ಅದೂ ಇಳಿಜಾರಿನಲ್ಲಿ. ಹೆಂಡತಿ ಕೆಳಗಿಳಿದು ಹಿಂದೆ ನಿಂತು, ‘ಬನ್ನಿ, ಬನ್ನಿ’ ಎನ್ನತೊಡಗಿದಳು. ಅತ್ತೆಗೂ ಇಳಿಯಲು ಹೇಳಿದೆ.

‘ನಾನು ಇಳಿಯಲ್ಲ ಅಳಿಯಂದ್ರೇ’ ಎಂದರು ಅವರು. ‘ನಾನು ಕೂತಿದ್ರೆ ನೀವು ಹುಷಾರಾಗಿ ಗಾಡಿ ಬಿಡ್ತೀರಿ.’

ಮಾನ್ಯರೇ, ಆ ಬೋರ್ಡಿಗಾಗಿ ತಾವು ಅದೆಷ್ಟು ಸಭೆ ನಡೆಸಿದ್ದೀರೋ ಕಾಣೆ. ರಸ್ತೆ ಸುರಕ್ಷತೆಯ ಬಗ್ಗೆ ನಾನು ಕೇಳಿದ ಅತ್ಯಂತ ಉಪಯುಕ್ತವಾದ ಮಾತು ಅತ್ತೆಯದು. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಅಂಚಿನ ಮಣ್ಣಿಗೆ ಇಳಿಯಿತು. ಕಾರು ಒಮ್ಮೆ ವಾಲಿತು. ಕಲ್ಲುಗಳು ಉರುಳಿದವು, ನೀರಿಗೆ ಬಿದ್ದ ಸದ್ದು ಮಾತ್ರ ಬರಲಿಲ್ಲ. ‘ಬನ್ನಿ’ ಎನ್ನುತ್ತಿದ್ದ ಹೆಂಡತಿ ‘ನಿಲ್ಸಿ, ನಿಲ್ಸಿ’ ಎಂದು ಕೂಗಿದಳು. ನನಗೆ ಭಯವಾಯಿತು. ಹತ್ತಾರು ಜನಕ್ಕೆ ರಿವರ್ಸ್ ಕಲಿಸಿದ ನಾನು ಬ್ರೇಕನ್ನು ಪೂರ್ತಿ ತುಳಿದು ಕೂತೆ. ಅತ್ತೆ ಹಿಂದಿನಿಂದ ನನ್ನ ಭುಜ ಹಿಡಿದುಕೊಂಡರು. ಅವರ ಉಗುರಿನ ಗುರುತು ಇನ್ನೂ ಹೋಗಿಲ್ಲ.

ಹೇಗೋ ಚಕ್ರವನ್ನು ರಸ್ತೆಗೆ ಹತ್ತಿಸಿ, ವ್ಯಾನಿಗೂ ಬಸ್ಸಿಗೂ ದಾರಿ ಬಿಟ್ಟು, ತಿರುವು ದಾಟಿ ಲಾಡ್ಜು ಸೇರಿದೆವು. ಮರುದಿನ ತಮ್ಮ ಉಪವಿಭಾಗದ ಕಚೇರಿಗೆ ಹೋದೆ. ತಿರುವಿನ ಈಚೆಯದು ಮಾತ್ರ ಅವರದಂತೆ, ಆಚೆಯದು ಇನ್ನೊಂದು ಉಪವಿಭಾಗದ್ದು. ಇಬ್ಬರೂ ತಂತಮ್ಮ ಬೋರ್ಡು ನೆಟ್ಟಿದ್ದಾರೆ. ಎರಡು ಸರ್ಕಾರಿ ಕಚೇರಿಗಳು ಇಷ್ಟು ವಿನಯದಿಂದ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದನ್ನು ತೆಗೆಯಿರಿ ಎಂದೆ. ಗುಮಾಸ್ತರು ಟೇಬಲ್ ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡು, ‘ಮೊದ್ಲು ಅವ್ರು ತೆಗೀಲಿ’ ಎಂದರು. ಆಚೆಯ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಉತ್ತರವನ್ನು ತಾವೇ ಊಹಿಸಬಲ್ಲಿರಿ. ಆದ್ದರಿಂದ ಇಬ್ಬರ ಮೇಲೂ ಕುಳಿತಿರುವ ತಮಗೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನನ್ನ ರಜೆ ಮುಗಿದಿದೆ. ಕಾರು ಇಲ್ಲೇ ಲಾಡ್ಜಿನ ಅಂಗಳದಲ್ಲಿದೆ, ಮನೆಗೆ ಹೋಗಲು ಇರುವುದು ಅದೊಂದೇ ರಸ್ತೆ. ಹೆಂಡತಿ ದೋಣಿಯಲ್ಲಿ ಬರುತ್ತೇನೆ, ನಿಮ್ಮ ಕಾರು ನಿಮಗೇ ಇರಲಿ ಎಂದಿದ್ದಾಳೆ. ಅವಳನ್ನು ತಪ್ಪೆನ್ನಲಾರೆ. ತನ್ನ ಅಮ್ಮನಿಗೂ ದೋಣಿಯಲ್ಲಿ ಜಾಗ ಕೇಳಿಟ್ಟಿದ್ದಳು. ಅತ್ತೆ ಒಪ್ಪಲಿಲ್ಲ. ‘ಅಳಿಯಂದ್ರನ್ನ ಆ ರಸ್ತೇಲಿ ಒಬ್ಬರನ್ನೇ ಕಳಿಸೋಕಾಗುತ್ತಾ?’ ಎಂದು ಆಗಲೇ ತಮ್ಮ ಚೀಲವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬಂದಿದ್ದಾರೆ.

ತಡೆಗೋಡೆ ಕೇಳುತ್ತಿಲ್ಲ, ರಸ್ತೆ ಅಗಲ ಮಾಡಿ ಎನ್ನುತ್ತಿಲ್ಲ. ಎರಡರಲ್ಲಿ ಒಂದು ಬೋರ್ಡು ಕೀಳಿಸಿ. ಯಾವುದಾದರೂ ಸರಿ. ನಾವು ಗುರುವಾರ ಬೆಳಿಗ್ಗೆ ಹೊರಡುತ್ತೇವೆ. ಬೋರ್ಡು ಇರಲಿ, ಇಲ್ಲದಿರಲಿ, ಅತ್ತೆ ಕಾರಿನಿಂದ ಇಳಿಯುವುದಿಲ್ಲ.

ಇಂತಿ,
ಎದುರಿನವರಿಗೆ ದಾರಿ ಬಿಟ್ಟು ಕುಳಿತಿರುವ
ಒಬ್ಬ ಡ್ರೈವಿಂಗ್ ಮೇಷ್ಟ್ರು
(ಹಿಂದಿನ ಸೀಟಿನಲ್ಲಿ, ಅತ್ತೆ)