ರಾಣಿಯ ನಗು ಬಾಕಿ ಇದೆ

ಅತ್ತೆಯವರಿಗೆ ನಮಸ್ಕಾರ.

ಎಣ್ಣೆಬಣ್ಣದ ವಾಸನೆಗೆ ಮುನಿಸಿಕೊಂಡು ನೀವು ಭಾವನವರ ಮನೆಗೆ ಹೋದ ಮೇಲೂ ನಾನು ಕುಂಚ ಕೆಳಗಿಟ್ಟಿಲ್ಲ. ಕಲಿಯಲೆಂದು ಚಿತ್ರಕಲೆ ಮೇಷ್ಟ್ರು ಕೊಟ್ಟ, ರೊಕೊಕೊ ಎಂಬ ಹಳೆಯ ಫ್ರೆಂಚ್ ಶೈಲಿಯ ರಾಣಿಯ ಚಿತ್ರವನ್ನೇ ನಕಲು ಮಾಡುತ್ತಿದ್ದೇನೆ. ನೀಲಿ ರೇಷ್ಮೆ, ಪೌಡರ್ ಹಾಕಿದ ಕೂದಲು ಚೆನ್ನಾಗಿ ಬಂದಿವೆ. ಮುಖ ಮಾತ್ರ ಎಷ್ಟು ತಿದ್ದಿದರೂ ನಿಮ್ಮದೇ ಆಗುತ್ತಿದೆ. ನಿನ್ನೆ ನಿಮ್ಮ ಮಗ ಅದನ್ನು ಕಂಡವರೇ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿ, “ಅಯ್ಯೋ, ಅಮ್ಮ ಯಾವಾಗ ಬಂದ್ಳು?” ಎಂದರು.

ಆದರೆ ಆ ರಾಣಿ ನಗಬೇಕು. ನಿಮ್ಮ ನಗುವನ್ನು ನಾನು ನೋಡಿಯೇ ಇಲ್ಲ.

ನಮ್ಮಿಬ್ಬರದು ಎಣ್ಣೆ-ಸೀಗೆಕಾಯಿ ಸಂಬಂಧ ಎನ್ನುತ್ತಾರೆ ಜನ. ಇರಲಿ, ಎಣ್ಣೆ ನಾನೇ ಎಂದುಕೊಳ್ಳಿ. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ, ತಿದ್ದಿಕೊಳ್ಳಲು ಇನ್ನೂ ಸಮಯವಿದೆ. ಭಾನುವಾರ ಬನ್ನಿ ಅತ್ತೆ, ಕಿಟಕಿಗಳನ್ನೆಲ್ಲ ತೆರೆದಿಡುತ್ತೇನೆ.

ಇಂತಿ,
ಕೈತುಂಬ ಬಣ್ಣದ ನಿಮ್ಮ ಸೊಸೆ